ಹಳೆಯ ಮಾದರಿಯ ಹೊಸ ಚಿತ್ರ: ಅದನ್ನು ವಿಮರ್ಶಿಸುವುದು ಹೇಗೆ?

ಹಳೆಯ ಛಾಯಾಚಿತ್ರಗಳಿಗೆ ಒಂದು ವಿಶೇಷವಾದ ಆಕರ್ಷಣೆಯುಂಟು. ನಡುಮನೆಯ ಗೋಡೆಯ ಮೇಲೆ ತೂಗುಹಾಕಿರುವ ಮುತ್ತಜ್ಜನ ಚಿತ್ರದ ಕಂದುಬಣ್ಣ, ಅದರ ಮಾಸಿದ ಅಂಚು, ಅಲ್ಲಲ್ಲಿ ಎದ್ದಿರುವ ಚುಕ್ಕೆ, ಇವೆಲ್ಲ ಸೇರಿ ನಮ್ಮನ್ನು ಬೇರೊಂದು ಕಾಲಕ್ಕೆ ಕರೆದೊಯ್ಯುತ್ತವೆ. ಈಗ ಇಂತಹ ಹಳಮೆಯನ್ನು ಪಡೆಯಲು ನೂರು ವರ್ಷ ಕಾಯಬೇಕಾಗಿಲ್ಲ. ಈ ದಿನ ಬೆಳಗ್ಗೆ ಫೋನಿನಲ್ಲಿ ತೆಗೆದ ಚಿತ್ರಕ್ಕೆ ಸಂಜೆಯೊಳಗಾಗಿ ಒಂದು ಶತಮಾನದ ವಯಸ್ಸನ್ನು ಕೊಡಬಹುದು. ಫೋನಿನ ಫಿಲ್ಟರುಗಳ ಪಟ್ಟಿಯಲ್ಲಿ ಒಂದನ್ನು ಬೆರಳಿನಿಂದ ಮುಟ್ಟಿದರಾಯಿತು. 2010ರಲ್ಲಿ ಇನ್‌ಸ್ಟಾಗ್ರಾಂ ಹೊರಬಂದ ಮೇಲಂತೂ ಈ ಬಗೆಯ ಚಿತ್ರಗಳು ಸರ್ವೇಸಾಮಾನ್ಯವಾಗಿವೆ.

ಬಸವನಗುಡಿಯ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಕಾರ್ತಿಕ ಮಾಸದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಹೋಗಿ ಒಂದು ಚಿತ್ರ ತೆಗೆದಳೆಂದು ಇಟ್ಟುಕೊಳ್ಳೋಣ. ಕಡಲೆಕಾಯಿಯ ರಾಶಿಯ ಮುಂದೆ ಕುಳಿತ ಮುದುಕಿ. ಹಣೆಯಲ್ಲಿ ಅಗಲವಾದ ಕುಂಕುಮ, ಕೆನ್ನೆಯಲ್ಲಿ ಅರಿಶಿನ. ಹಿಂದೆ ನೂಕುನುಗ್ಗಲಿನ ಜನ. ಮೇಲೆ ಅಚ್ಚ ನೀಲಿಯ ಆಕಾಶ. ಆಕೆ ಅದಕ್ಕೆ ಕಂದುಬಣ್ಣ ಕೊಟ್ಟು, ಅಂಚುಗಳನ್ನು ಕಪ್ಪು ಮಾಡಿ, ಮರಳಿನಂತಹ ಕಣಗಳನ್ನು ಹರಡಿ, ನಾಲ್ಕು ಗೀರುಗಳನ್ನು ಎಳೆದು ಗೆಳೆಯರಿಗೆ ತೋರಿಸಿದಳು. ಒಬ್ಬರು "ತುಂಬ ಚೆನ್ನಾಗಿದೆ" ಎಂದರು. ಇನ್ನೊಬ್ಬರು "ಏಕೋ ಕೃತಕವೆನಿಸುತ್ತದೆ" ಎಂದರು. ಆಕೆ ಮೊದಲನೆಯ ಮಾತಿಗೆ ಹಿಗ್ಗಿದಳು, ಎರಡನೆಯ ಮಾತಿಗೆ ಕುಗ್ಗಿದಳು. ಆದರೆ ಮುಂದಿನ ಚಿತ್ರವನ್ನು ಇನ್ನಷ್ಟು ಚೆನ್ನಾಗಿ ಮಾಡಲು ಈ ಎರಡರಿಂದಲೂ ಆಕೆಗೆ ಸಹಾಯವಾಗಲಿಲ್ಲ.

"ಕೃತಕವೆನಿಸುತ್ತದೆ" ಎಂದವರ ಕಣ್ಣು ಏನನ್ನೋ ಕಂಡಿದೆ. ಕಂಡದ್ದು ಏನೆಂದು ಹೇಳಲು ಅವರಿಗೆ ತಿಳಿಯಲಿಲ್ಲ, ಅಷ್ಟೆ. ಹಳೆಯ ಚಿತ್ರದಲ್ಲಿರುವ ಒಂದೊಂದು ಗುರುತಿಗೂ ರಸಾಯನಶಾಸ್ತ್ರದಲ್ಲಿಯೋ ಭೌತಶಾಸ್ತ್ರದಲ್ಲಿಯೋ ಒಂದು ಕಾರಣವುಂಟು. ಆ ಕಾರಣಗಳನ್ನು ಬಲ್ಲವರು ಚಿತ್ರವನ್ನು ನೋಡಿ "ಇಲ್ಲಿ ಈ ಗುರುತೂ ಆ ಗುರುತೂ ಒಂದಕ್ಕೊಂದು ಒಪ್ಪುವುದಿಲ್ಲ" ಎಂದು ಬೆರಳಿಟ್ಟು ತೋರಿಸಬಲ್ಲರು. ಅಂತಹ ವಿಮರ್ಶೆಯನ್ನು ಪರೀಕ್ಷಿಸಬಹುದು, ಸರಿಯೆನಿಸಿದರೆ ಸ್ವೀಕರಿಸಬಹುದು, ತಪ್ಪೆನಿಸಿದರೆ ಕಾರಣ ಕೊಟ್ಟು ನಿರಾಕರಿಸಬಹುದು. ಮುಖ್ಯವಾದ ಗುರುತುಗಳ ಕಾರಣವನ್ನು ಮೊದಲು ತಿಳಿದುಕೊಂಡು, ಆ ಬಳಿಕ ವಿಮರ್ಶೆ ಹೇಳುವ ಮತ್ತು ಕೇಳುವ ಕ್ರಮವನ್ನು ನೋಡೋಣ.

ಟ್ರೈಪನ ಮೋಡಗಳು

ಚಿತ್ರವನ್ನು ತಿದ್ದುವುದು ಗಣಕಯಂತ್ರದ ಕಾಲದ ಹೊಸ ಚಾಳಿಯೆಂದು ಹಲವರು ಭಾವಿಸುತ್ತಾರೆ. ಬೆಂಗಳೂರಿನ ಛಾಯಾಗ್ರಹಣದ ಚರಿತ್ರೆ ಬೇರೆಯ ಮಾತನ್ನು ಹೇಳುತ್ತದೆ.

ಲಿನಿಯಸ್ ಟ್ರೈಪ್ ಎಂಬಾತ ಈಸ್ಟ್ ಇಂಡಿಯಾ ಕಂಪೆನಿಯ ಮದರಾಸು ಸೇನೆಯಲ್ಲಿ ಅಧಿಕಾರಿಯಾಗಿದ್ದವನು. ಬೆಂಗಳೂರಿನಲ್ಲಿದ್ದಾಗ, 1854ರ ಡಿಸೆಂಬರಿನಲ್ಲಿ, ಈತ ಹಳೇಬೀಡು, ಬೇಲೂರು ಮೊದಲಾದ ಕಡೆಗಳಿಗೆ ಹೋಗಿ ದೇವಾಲಯಗಳ ಚಿತ್ರಗಳನ್ನು ತೆಗೆದನು. 1855ರಲ್ಲಿ ಮದರಾಸಿನಲ್ಲಿ ನಡೆದ ಪ್ರದರ್ಶನದಲ್ಲಿ ಇವನ್ನು ಇಟ್ಟಾಗ ತೀರ್ಪುಗಾರರು ಆತನಿಗೆ ಮೊದಲ ದರ್ಜೆಯ ಪದಕವನ್ನು ಕೊಟ್ಟರು. ಅದೇ ವರ್ಷ ಆತ ಬರ್ಮಾ ದೇಶಕ್ಕೂ ಹೋಗಿ ಅಲ್ಲಿನ ಕಟ್ಟಡಗಳ ಚಿತ್ರಗಳನ್ನು ತೆಗೆದನು.

ಟ್ರೈಪ್ ಬಳಸುತ್ತಿದ್ದುದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಅದರ ಮೇಲಿನ ಬೆಳ್ಳಿಯ ಲವಣ ನೀಲಿ ಬೆಳಕಿಗೆ ಬಹಳ ಬೇಗ ಮಣಿಯುತ್ತಿತ್ತು. ಹಸಿರಿಗೂ ಕೆಂಪಿಗೂ ಮಣಿಯುತ್ತಲೇ ಇರಲಿಲ್ಲವೆನ್ನಬಹುದು. ದೇವಾಲಯದ ಕಲ್ಲಿನ ವಿವರ ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ಆಕಾಶಕ್ಕೆ ಬೆಳಕು ವಿಪರೀತವಾಗಿ ಬಿದ್ದು, ಪ್ರತಿಯಲ್ಲಿ ಅದು ಮೋಡವಿಲ್ಲದ ಬರಿಯ ಬಿಳಿಯ ಹಾಳೆಯಂತೆ ಕಾಣುತ್ತಿತ್ತು. ಮರದ ಎಲೆಗಳು ಕಪ್ಪು ಮುದ್ದೆಯಾಗುತ್ತಿದ್ದುವು. ಈ ಕೊರತೆಯನ್ನು ತುಂಬಲು ಟ್ರೈಪ್ ಕುಂಚವನ್ನು ಹಿಡಿದು ನೆಗೆಟಿವಿನ ಮೇಲೆಯೇ ಮೋಡಗಳನ್ನು ಬರೆದನು. ಎಲೆಗಳ ಗೊಂಚಲುಗಳಿಗೆ ಆಕಾರ ಕೊಟ್ಟನು. ಅದನ್ನು ಗಮನಿಸದ ನೋಡುಗರು ಆ ಮೋಡಗಳನ್ನು ನಿಜವೆಂದೇ ನಂಬಬಹುದು.

ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ತಿದ್ದುವುದೇ ತಪ್ಪೆಂದು ವಿಮರ್ಶಕನು ಹೊರಟರೆ ಛಾಯಾಗ್ರಹಣದ ಚರಿತ್ರೆಯ ದೊಡ್ಡ ಭಾಗವನ್ನೇ ಹೊರಗಿಡಬೇಕಾಗುತ್ತದೆ. ಇದು ಮೊದಲನೆಯದು. ಎರಡನೆಯದು ಇನ್ನೂ ಸ್ವಾರಸ್ಯವಾದುದು. ಟ್ರೈಪನಿಗೆ ಬಿಳಿಯ ಆಕಾಶ ಒಂದು ದೋಷ. ಅದನ್ನು ನೀಗಲು ಆತ ಶ್ರಮಪಟ್ಟನು. ಇಂದಿನವರು ಅಂತಹ ದೋಷಗಳನ್ನೇ ಬಯಸಿ ತಂದುಕೊಳ್ಳುತ್ತಾರೆ. ಹಳೆಯ ಮಾದರಿಯೆಂದು ನಾವು ಕರೆಯುವ ಗುರುತುಗಳಲ್ಲಿ ಬಹುಪಾಲು ಅಂದಿನವರು ಒಲ್ಲದೆ ಸಹಿಸಿಕೊಂಡವು. ಉಳಿದವು ಅಂದಿನವರು ನೋಡದೆಯೇ ಹೋದವು, ಎಂದರೆ ಅವರ ತರುವಾಯ ಕಾಲವೇ ತಂದಿಟ್ಟವು. ಕಂದುಬಣ್ಣವನ್ನು ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ.

ಕಂದುಬಣ್ಣ ಎಲ್ಲಿಂದ ಬಂತು?

ಫಿಲ್ಟರುಗಳಲ್ಲಿ ಇದಕ್ಕೆ ಸೆಪಿಯಾ ಎಂದು ಹೆಸರು. ಸೆಪಿಯಾ ಎಂಬುದು ಕಡಲಿನಲ್ಲಿರುವ ಒಂದು ಮೃದ್ವಂಗಿಯ ಗ್ರೀಕ್ ಹೆಸರು. ಅದು ಅಪಾಯ ಬಂದಾಗ ಉಗುಳುವ ಕಂದು ಮಸಿಯಿಂದ ಚಿತ್ರಕಾರರು ಹಿಂದೆ ಚಿತ್ರ ಬರೆಯುತ್ತಿದ್ದರು. ಛಾಯಾಚಿತ್ರದ ಕಂದಿನಲ್ಲಿ ಆ ಮಸಿ ಒಂದು ಹನಿಯೂ ಇಲ್ಲ. ಬಣ್ಣದ ಹೋಲಿಕೆಯಿಂದ ಹೆಸರು ಮಾತ್ರ ಬಂದಿದೆ.

ಕಪ್ಪುಬಿಳುಪು ಚಿತ್ರದಲ್ಲಿ ಕಪ್ಪಾಗಿ ಕಾಣುವುದು ಲೋಹರೂಪದ ಬೆಳ್ಳಿಯ ಅತಿ ಸೂಕ್ಷ್ಮವಾದ ಕಣಗಳು. ಇಂತಹ ಪ್ರತಿಯನ್ನು ಪೊಟಾಸಿಯಂ ಫೆರಿಸಯನೈಡ್ ಮತ್ತು ಪೊಟಾಸಿಯಂ ಬ್ರೋಮೈಡುಗಳ ದ್ರಾವಣದಲ್ಲಿ ಅದ್ದಿದರೆ ಬೆಳ್ಳಿಯು ಬೆಳ್ಳಿಯ ಬ್ರೋಮೈಡಾಗಿ ಮಾರ್ಪಟ್ಟು ಚಿತ್ರ ಬಹುಮಟ್ಟಿಗೆ ಮಾಯವಾಗುತ್ತದೆ. ಬಳಿಕ ಚೆನ್ನಾಗಿ ತೊಳೆದು ಸೋಡಿಯಂ ಸಲ್ಫೈಡಿನ ದ್ರಾವಣದಲ್ಲಿ ಹಾಕಿದರೆ ಮಾಯವಾದ ಚಿತ್ರ ಕಂದುಬಣ್ಣದಲ್ಲಿ ಮರಳಿ ಮೂಡುತ್ತದೆ. ಈಗ ಅಲ್ಲಿರುವುದು ಬೆಳ್ಳಿಯ ಸಲ್ಫೈಡ್. ಈ ಕೆಲಸ ನಡೆಯುವಾಗ ಕೊಳೆತ ಮೊಟ್ಟೆಯ ವಾಸನೆ ಕೋಣೆಯನ್ನೆಲ್ಲ ತುಂಬುತ್ತದೆ. ಅದು ವಿಷಾನಿಲವಾದ ಹೈಡ್ರೊಜನ್ ಸಲ್ಫೈಡ್. ಇಷ್ಟು ಕಷ್ಟಪಡುತ್ತಿದ್ದುದು ಬಣ್ಣದ ಚೆಲುವಿಗಾಗಿ ಮಾತ್ರವಲ್ಲ. ಬೆಳ್ಳಿಗಿಂತ ಬೆಳ್ಳಿಯ ಸಲ್ಫೈಡ್ ಹೆಚ್ಚು ಸ್ಥಿರವಾದುದು. ಹಾಗೆ ಮಾಡಿದ ಪ್ರತಿ ಹೆಚ್ಚು ಕಾಲ ಬಾಳುತ್ತದೆ.

ಇದು ಬೇಕೆಂದು ತಂದ ಕಂದು. ಬೇಡದೆ ಬಂದ ಕಂದು ಇನ್ನೊಂದುಂಟು. ಪ್ರತಿಯನ್ನು ಸ್ಥಿರಗೊಳಿಸಲು ಬಳಸುವ ಹೈಪೋವನ್ನು ಸರಿಯಾಗಿ ತೊಳೆದು ತೆಗೆಯದಿದ್ದರೆ ಅದರಲ್ಲಿನ ಗಂಧಕ ವರ್ಷಗಟ್ಟಲೆ ನಿಧಾನವಾಗಿ ಬೆಳ್ಳಿಯೊಡನೆ ಕೂಡುತ್ತದೆ. ಗಾಳಿಯಲ್ಲಿನ ಮಲಿನ ಅನಿಲಗಳೂ ತೇವವೂ ಇದಕ್ಕೆ ನೆರವಾಗುತ್ತವೆ. 1850ರಲ್ಲಿ ಬ್ಲಾಂಕಾರ್ ಎವ್ರಾರ್ ಬಳಕೆಗೆ ತಂದ, ಮೊಟ್ಟೆಯ ಬಿಳಿಯ ಲೋಳೆಯನ್ನು ಹಚ್ಚಿದ ಕಾಗದದ ಪ್ರತಿಗಳಲ್ಲಿ ಆ ಲೋಳೆಯೇ ಕಾಲಕ್ರಮದಲ್ಲಿ ಹಳದಿಯಾಗುತ್ತದೆ. ಚಿನ್ನದ ಲವಣದಲ್ಲಿ ಅದ್ದಿದ ಅಂತಹ ಪ್ರತಿಗಳು ಹೊಸದಾಗಿದ್ದಾಗ ಗಾಢವಾದ ನೇರಳೆಗಂದು ಬಣ್ಣದಲ್ಲಿದ್ದು, ಅವುಗಳ ಬಿಳಿಯ ಭಾಗ ಬಿಳಿಯಾಗಿಯೇ ಇತ್ತು. ಇಂದು ನಾವು ನೋಡುವ ಹಳದಿ ಬಣ್ಣವನ್ನು ಅವನ್ನು ಮಾಡಿದವನು ಕಂಡಿರಲಿಲ್ಲ.

ಇಲ್ಲಿ ವಿಮರ್ಶಕನಿಗೆ ಒಂದು ಒಳ್ಳೆಯ ಪ್ರಶ್ನೆ ಸಿಕ್ಕಿತು: ಚಿತ್ರದಲ್ಲಿ ಕಂದಾಗಿರುವುದು ಕಪ್ಪೋ, ಬಿಳುಪೋ? ಗಂಧಕದಿಂದ ಬಣ್ಣ ಕಟ್ಟಿದ್ದರೆ ಬೆಳ್ಳಿಯಿದ್ದ ಕಡೆ ಮಾತ್ರ ಕಂದು ಇರಬೇಕು. ಬೆಳ್ಳಿಯಿಲ್ಲದ ಬಿಳಿಯ ಪಂಚೆ, ಕಾಗದದ ಅಂಚು ಬಿಳಿಯಾಗಿಯೇ ಇರಬೇಕು. ವಯಸ್ಸಿನಿಂದ ಬಂದಿದ್ದರೆ ಬಿಳಿಯ ಭಾಗವೂ ಹಳದಿಯಾಗಿರಬೇಕು, ಕಪ್ಪು ತೆಳುವಾಗಿರಬೇಕು, ಗಾಳಿ ಮೊದಲು ತಾಗುವ ಅಂಚುಗಳಲ್ಲಿ ಬದಲಾವಣೆ ಹೆಚ್ಚಾಗಿರಬೇಕು. ಅಗ್ಗದ ಫಿಲ್ಟರು ಇಡೀ ಚಿತ್ರದ ಮೇಲೆ ಒಂದೇ ಸಮನಾಗಿ ಕಂದುಗಾಜನ್ನು ಹೊದಿಸುತ್ತದೆ. ಕಪ್ಪು ಅಚ್ಚ ಕಪ್ಪಾಗಿದ್ದು, ಬಿಳುಪು ಮಾತ್ರ ಮುದಿಯಾಗಿರುವ ಚಿತ್ರ ಯಾವ ಕಾರಣಕ್ಕೂ ಹೊಂದುವುದಿಲ್ಲ. "ಏಕೋ ಕೃತಕ" ಎನಿಸುವುದು ಇಂತಹ ಕಡೆಗಳಲ್ಲಿ.

ಕುಂಕುಮ ಏಕೆ ಕಪ್ಪು?

ಟ್ರೈಪನ ಕಾಗದಕ್ಕೆ ನೀಲಿ ಮಾತ್ರ ಕಾಣುತ್ತಿತ್ತೆಂದು ಮೇಲೆ ಹೇಳಿದೆವಷ್ಟೆ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಒದ್ದೆಗಾಜಿನ ವಿಧಾನಕ್ಕೂ, 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಸೂಚಿಸಿದ ಜೆಲಟಿನಿನ ಒಣಫಲಕಕ್ಕೂ ಇದೇ ಮಿತಿ ಇತ್ತು. 1873ರಲ್ಲಿ ಹರ್ಮನ್ ಫೋಗೆಲ್ ಎಂಬ ಜರ್ಮನ್ ವಿಜ್ಞಾನಿ, ಲೇಪಕ್ಕೆ ತಕ್ಕ ವರ್ಣದ್ರವ್ಯವನ್ನು ಸೇರಿಸಿದರೆ ಅದು ಹಸಿರು ಬೆಳಕನ್ನೂ ಗ್ರಹಿಸುವುದೆಂದು ಕಂಡುಹಿಡಿದನು. ಆದರೂ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಸಾಮಾನ್ಯರು ಬಳಸುತ್ತಿದ್ದ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಛಾಯಾಗ್ರಾಹಕರು ಕತ್ತಲೆಕೋಣೆಯಲ್ಲಿ ಕೆಂಪು ದೀಪವನ್ನು ಹಚ್ಚಿಟ್ಟುಕೊಂಡು ಕೆಲಸ ಮಾಡುವುದಕ್ಕೆ ಸಾಧ್ಯವಾದದ್ದು ಇದರಿಂದಲೇ.

ಕಾಣದ ಬಣ್ಣ ಪ್ರತಿಯಲ್ಲಿ ಕಪ್ಪಾಗುತ್ತದೆ. ಆದುದರಿಂದ ಆ ಕಾಲದ ಚಿತ್ರಗಳಲ್ಲಿ ಕುಂಕುಮ ಕಾಡಿಗೆಯ ಬೊಟ್ಟಿನಂತೆ ಕಾಣುತ್ತದೆ, ತುಟಿ ಕಪ್ಪಾಗಿರುತ್ತದೆ, ಕೆಂಪು ರೇಷ್ಮೆ ಸೀರೆ ಕರಿಯ ಸೀರೆಯಾಗಿರುತ್ತದೆ. ನೀಲಿಯನ್ನಷ್ಟೇ ಕಾಣುವ ಫಲಕದಲ್ಲಿ ಅರಿಶಿನವೂ ಕಪ್ಪಾಗುವುದು ಇನ್ನೂ ವಿಚಿತ್ರ.

ಇದನ್ನು ಅಂಕಿಗಳಲ್ಲಿ ನೋಡಬಹುದು. ಗಣಕದಲ್ಲಿ ಪ್ರತಿಯೊಂದು ಬಿಂದುವಿನ ಬಣ್ಣವನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಿಂದ, 0ಯಿಂದ 255ರವರೆಗೆ, ಗುರುತಿಸುತ್ತಾರೆ. ನಮ್ಮ ಪರಿಷೆಯ ಚಿತ್ರದಲ್ಲಿ ಕುಂಕುಮ 180, 20, 30. ಅರಿಶಿನ 230, 180, 30. ಆಕಾಶ 110, 160, 230 ಎಂದಿರಲಿ. ಬಣ್ಣದ ಚಿತ್ರವನ್ನು ಕಪ್ಪುಬಿಳುಪಾಗಿ ಮಾಡುವ ರೂಢಿಯ ಸೂತ್ರಗಳಲ್ಲೊಂದು, ಮಾನವನ ಕಣ್ಣಿನ ಗುಣವನ್ನು ಅನುಸರಿಸಿ, ಕೆಂಪಿಗೆ 0.2126, ಹಸಿರಿಗೆ 0.7152, ನೀಲಿಗೆ 0.0722 ತೂಕವನ್ನು ಕೊಡುತ್ತದೆ. ಅದರಂತೆ ಗುಣಿಸಿ ಕೂಡಿದರೆ ಕುಂಕುಮಕ್ಕೆ ಸುಮಾರು 55, ಅರಿಶಿನಕ್ಕೆ 180, ಆಕಾಶಕ್ಕೆ 154 ಬರುತ್ತದೆ. ಎಂದರೆ ಆಕಾಶಕ್ಕಿಂತ ಅರಿಶಿನವೇ ಹೆಚ್ಚು ಬೆಳ್ಳಗಿರುತ್ತದೆ. ನೀಲಿ ಮಾತ್ರ ಕಾಣುವ ಹಳೆಯ ಫಲಕದಂತೆ ನೀಲಿಯ ಅಂಕಿಯನ್ನಷ್ಟೇ ತೆಗೆದುಕೊಂಡರೆ ಕುಂಕುಮ 30, ಅರಿಶಿನ 30, ಆಕಾಶ 230. ಕುಂಕುಮಕ್ಕೂ ಅರಿಶಿನಕ್ಕೂ ಭೇದವೇ ಉಳಿಯಲಿಲ್ಲ. ಆಕಾಶ ಹೆಚ್ಚುಕಡಮೆ ಬಿಳುಪಾಯಿತು. ನಿಜವಾದ ಹಳೆಯ ಲೇಪದ ವರ್ತನೆ ಇದಕ್ಕಿಂತ ಜಟಿಲವಾದುದಾದರೂ ಅದರ ಜಾಡು ಇದೇ.

ಆದುದರಿಂದ ಕಂದುಬಣ್ಣವನ್ನು ಬಳಿದಮಾತ್ರಕ್ಕೆ ಚಿತ್ರ 1870ಕ್ಕೆ ಹೋಗುವುದಿಲ್ಲ. ಆಕಾಶದಲ್ಲಿ ಗಾಢವಾದ ಛಾಯೆ, ಕೆನ್ನೆಯಲ್ಲಿ ಬೆಳ್ಳನೆಯ ಅರಿಶಿನ ಇವೆರಡೂ ಇದ್ದರೆ, ಆ ಚಿತ್ರವನ್ನು ಕಂಡ ಕಣ್ಣು ಇತ್ತೀಚಿನದೆಂದು ಗೊತ್ತಾಗಿಬಿಡುತ್ತದೆ. ಬಣ್ಣ ಕೊಡುವ ಮೊದಲೇ ಕಪ್ಪುಬಿಳುಪಿಗೆ ಇಳಿಸುವ ಹಂತದಲ್ಲಿ ಕೆಲಸ ನಡೆಯಬೇಕಾಗಿತ್ತು.

ಕಣ, ಅಂಚು, ಚಲನೆ

ಉಳಿದ ಗುರುತುಗಳನ್ನು ಸಂಕ್ಷೇಪವಾಗಿ ನೋಡೋಣ. 19ನೆಯ ಶತಮಾನದಲ್ಲಿ ದೊಡ್ಡ ಗಾಜಿನ ಫಲಕವನ್ನು ಕಾಗದಕ್ಕೆ ಅಂಟಿಸಿದಂತೆ ಇಟ್ಟು ಬಿಸಿಲಿನಲ್ಲಿ ಪ್ರತಿ ತೆಗೆಯುತ್ತಿದ್ದರು. ನೆಗೆಟಿವ್ ಎಷ್ಟು ದೊಡ್ಡದೋ ಪ್ರತಿಯೂ ಅಷ್ಟೇ ದೊಡ್ಡದು. ಹಿಗ್ಗಿಸದ ಕಾರಣ ಅಂತಹ ಪ್ರತಿಯಲ್ಲಿ ಬೆಳ್ಳಿಯ ಕಣಗಳು ಬರಿಗಣ್ಣಿಗೆ ಕಾಣವು. ಮರಳು ಚೆಲ್ಲಿದಂತಹ ಕಣಗಳು ಬಂದುದು ಸಣ್ಣ ಫಿಲ್ಮಿನ ಕಾಲದಲ್ಲಿ. 1925ರಲ್ಲಿ ಲೈಕಾ ಕ್ಯಾಮರಾ ಮಾರುಕಟ್ಟೆಗೆ ಬಂದ ಮೇಲೆ 24 ಮಿಲಿಮೀಟರ್ ಎತ್ತರ, 36 ಮಿಲಿಮೀಟರ್ ಅಗಲದ ನೆಗೆಟಿವ್ ರೂಢಿಯಾಯಿತು. ಅದರಿಂದ 30 ಸೆಂಟಿಮೀಟರ್ ಅಗಲದ ಪ್ರತಿಯನ್ನು ಪಡೆಯಬೇಕಾದರೆ ಎಂಟು ಪಟ್ಟಿಗೂ ಮೀರಿ ಹಿಗ್ಗಿಸಬೇಕು. ಆಗ ಕಣಗಳೂ ಹಿಗ್ಗುತ್ತವೆ. ಆದುದರಿಂದ ಮೊಟ್ಟೆಲೋಳೆಯ ಹಳದಿ ಮತ್ತು ದಪ್ಪ ಕಣ ಒಂದೇ ಚಿತ್ರದಲ್ಲಿ ಕೂಡಿದರೆ ತಾತನ ರುಮಾಲನ್ನು ಮೊಮ್ಮಗನ ಶರಾಯಿಯ ಜೊತೆಗೆ ತೊಟ್ಟಂತಾಗುತ್ತದೆ.

ಅಂಚುಗಳು ಕಪ್ಪಾಗುವುದಕ್ಕೆ ಕಾರಣ ಮಸೂರದಲ್ಲಿದೆ. ಮಸೂರದ ಅಕ್ಷದಿಂದ ದೂರ ಸರಿದಂತೆಲ್ಲ ಚಿತ್ರದ ಮೇಲೆ ಬೀಳುವ ಬೆಳಕು ಕಡಮೆಯಾಗುತ್ತದೆ. ಸರಳವಾದ ಮಸೂರದಲ್ಲಿ ಇದು ಕೋನದ ಕೊಸೈನಿನ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. 30 ಡಿಗ್ರಿಯಲ್ಲಿ ನಡುವಿನ ಬೆಳಕಿನ ಶೇಕಡ 56ರಷ್ಟು, 45 ಡಿಗ್ರಿಯಲ್ಲಿ ಶೇಕಡ 25ರಷ್ಟು ಮಾತ್ರ ಬೀಳುತ್ತದೆ. ಆದುದರಿಂದ ಕತ್ತಲೆ ಕ್ರಮೇಣ, ಎಲ್ಲ ಕಡೆಗೂ ಸಮನಾಗಿ, ಚೌಕಟ್ಟಿನ ನಡುವಣ ಬಿಂದುವನ್ನು ಕೇಂದ್ರವಾಗಿಟ್ಟುಕೊಂಡು ಹರಡಬೇಕು. ಫೋನಿನಲ್ಲಿ ಹಲವರು ಮುಖವನ್ನೇ ಕೇಂದ್ರವಾಗಿಟ್ಟು ಸುತ್ತಲೂ ಕತ್ತಲೆ ಮಾಡುತ್ತಾರೆ. ಮುಖ ಮೂಲೆಯಲ್ಲಿದ್ದರೆ ಕತ್ತಲೆಯೂ ಅದರ ಹಿಂದೆ ಹೋಗುತ್ತದೆ. ಮಸೂರಕ್ಕೆ ಮುಖವೆಲ್ಲಿದೆಯೆಂದು ತಿಳಿಯದು.

ಚಲನೆಯ ಮಾತು ಇನ್ನೂ ನಿಷ್ಠುರವಾದುದು. ಮಂದವಾದ ಹಳೆಯ ಲೇಪಗಳಿಗೆ ಹಲವು ಸೆಕೆಂಡುಗಳಿಂದ ಹಿಡಿದು ನಿಮಿಷಗಳವರೆಗೆ ಬೆಳಕು ಬೇಕಾಗಿತ್ತು. ಅಷ್ಟು ಹೊತ್ತಿನಲ್ಲಿ ನಡೆದಾಡುವವರು ಮಂಜಿನಂತಾಗುತ್ತಾರೆ, ಇಲ್ಲವೆ ಚಿತ್ರದಲ್ಲಿ ಉಳಿಯುವುದೇ ಇಲ್ಲ. ಪರಿಷೆಯ ಜಂಗುಳಿಯಲ್ಲಿ ಹಾರಿಸಿದ ಕಡಲೆಕಾಯಿ ಗಾಳಿಯಲ್ಲಿ ನಿಂತಂತೆ ಸ್ಪಷ್ಟವಾಗಿ ಕಾಣುತ್ತಿದ್ದರೆ, ಎಷ್ಟೇ ಬಣ್ಣ ಬಳಿದರೂ ಅದು ಒದ್ದೆಗಾಜಿನ ಕಾಲದ್ದಾಗದು.

ಬಣ್ಣದ ಚಿತ್ರಗಳಿಗೂ ಮುಪ್ಪುಂಟು. 1960 ಮತ್ತು 70ರ ದಶಕಗಳ ಬಣ್ಣದ ಪ್ರತಿಗಳಲ್ಲಿ ನೀಲಿಹಸಿರು, ನೇರಳೆಗೆಂಪು, ಹಳದಿ ಎಂಬ ಮೂರು ವರ್ಣದ್ರವ್ಯಗಳ ಪದರಗಳಿದ್ದುವು. ಪೆಟ್ಟಿಗೆಯ ಕತ್ತಲಲ್ಲಿ ಇಟ್ಟರೂ ಅಂದಿನ ಹಲವು ಕಾಗದಗಳಲ್ಲಿ ನೀಲಿಹಸಿರು ಮೊದಲು ಅಳಿಯುತ್ತಿತ್ತು. ಮಲ್ಲೇಶ್ವರದ ಯಾವುದಾದರೂ ಹಳೆಯ ಮನೆಯ ಮದುವೆಯ ಆಲ್ಬಂ ತೆರೆದರೆ ಚಪ್ಪರವೂ ನೆಂಟರೂ ಕೆಂಪೇರಿರುವುದಕ್ಕೆ ಇದು ಕಾರಣ.

ವಿಮರ್ಶೆ ಹೇಳುವವರಿಗೆ

ಇಷ್ಟು ತಿಳಿದ ಮೇಲೆ ಪರಿಷೆಯ ಚಿತ್ರಕ್ಕೆ ಹಿಂತಿರುಗೋಣ. ತಿಳಿದುದನ್ನೆಲ್ಲ ಆ ವಿದ್ಯಾರ್ಥಿನಿಯ ಮೇಲೆ ಒಮ್ಮೆಗೇ ಸುರಿದರೆ ವಿಮರ್ಶೆಯಾಗದು, ಪಾಂಡಿತ್ಯದ ಪ್ರದರ್ಶನವಾದೀತು. ವಿಮರ್ಶೆಗೆ ನಾಲ್ಕು ಹಂತಗಳಿದ್ದರೆ ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಮೊದಲನೆಯದು, ಉದ್ದೇಶವನ್ನು ಕೇಳುವುದು. "ಇದು ಯಾವ ಕಾಲದ ಚಿತ್ರದಂತೆ ಕಾಣಬೇಕೆಂದು ನಿಮ್ಮ ಇಚ್ಛೆ?" ಆಕೆ "1870ರ ಚಿತ್ರದಂತೆ" ಎಂದರೆ ಮೇಲಿನ ಪರೀಕ್ಷೆಗಳೆಲ್ಲ ಅನ್ವಯಿಸುತ್ತವೆ. "ಯಾವ ಕಾಲವೂ ಅಲ್ಲ, ಮುದುಕಿಯ ಮುಖಕ್ಕೆ ಒಂದು ಬೆಚ್ಚನೆಯ ಭಾವ ಬೇಕಾಗಿತ್ತು" ಎಂದರೆ ಅವುಗಳಲ್ಲಿ ಬಹುಪಾಲು ಅಪ್ರಕೃತ. ಆಗ ಕೇಳಬೇಕಾದುದು, ಆ ಭಾವಕ್ಕೆ ಗೀರುಗಳಿಂದ ಸಹಾಯವಾಯಿತೆ ಎಂಬುದನ್ನು.

ಎರಡನೆಯದು, ತೀರ್ಪಿಗೆ ಮೊದಲು ಕಂಡದ್ದನ್ನು ಹೇಳುವುದು. "ಬಿಳಿಯ ಸೆರಗೂ ಕಂದಾಗಿದೆ, ಕಪ್ಪು ಕೂದಲು ಅಚ್ಚ ಕಪ್ಪಾಗಿಯೇ ಇದೆ" ಎಂಬುದು ಕಂಡದ್ದು. "ಚೆನ್ನಾಗಿಲ್ಲ" ಎಂಬುದು ತೀರ್ಪು. ಕಂಡದ್ದರ ವಿಷಯದಲ್ಲಿ ಇಬ್ಬರೂ ಒಪ್ಪಬಹುದು. ಒಪ್ಪಿದ ಮೇಲೆ ಮಾತು ಮುಂದುವರಿಯುತ್ತದೆ.

ಮೂರನೆಯದು, ಕಾರಣ ಕೊಡುವುದು. ನಾಲ್ಕನೆಯದು, ಮಾಡಿ ನೋಡಬಹುದಾದ ಒಂದೇ ಒಂದು ಸಲಹೆಯನ್ನು ಕೊಡುವುದು. ಹೀಗೆ: "ಗಂಧಕದ ಬಣ್ಣ ಬೆಳ್ಳಿಗೆ ಮಾತ್ರ ಹತ್ತುತ್ತದೆ. ಬಿಳಿಯ ಭಾಗವನ್ನು ಬಿಟ್ಟು ನಡುಛಾಯೆಗೆ ಮಾತ್ರ ಕಂದು ಕೊಟ್ಟು, ಎರಡು ಪ್ರತಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ." ಇದರಲ್ಲಿ ನಿಂದೆಯೂ ಇಲ್ಲ, ಮುಖಸ್ತುತಿಯೂ ಇಲ್ಲ. ಮುದುಕಿಯ ನೋಟವನ್ನು ಆಕೆ ಹಿಡಿದ ಕ್ಷಣ ಒಳ್ಳೆಯದಾಗಿದ್ದರೆ ಅದನ್ನೂ ಇದೇ ರೀತಿ ನಿರ್ದಿಷ್ಟವಾಗಿ ಹೇಳಬೇಕು. ಏನು ಚೆನ್ನಾಗಿದೆಯೆಂದು ತಿಳಿಯದವಳು ಮುಂದಿನ ಸಲ ಅದನ್ನೇ ಕೈಬಿಟ್ಟಾಳು.

ಅಳತೆಗೋಲು ಯಾವುದೆಂಬುದೂ ಮೊದಲೇ ಗೊತ್ತಾಗಿರಬೇಕು. ಛಾಯಾಗ್ರಹಣ ಕಲೆಯ ಅಂತಾರಾಷ್ಟ್ರೀಯ ಒಕ್ಕೂಟ 1950ರಲ್ಲಿ ಸ್ಥಾಪಿತವಾದುದು. ಅದರ ನಿಯಮದಂತೆ ಕಪ್ಪುಬಿಳುಪು ಚಿತ್ರಕ್ಕೆ ಪೂರ್ತಿಯಾಗಿ ಒಂದೇ ಬಣ್ಣದ ಛಾಯೆ ಕೊಟ್ಟರೆ ಅದು ಏಕವರ್ಣ ವಿಭಾಗದಲ್ಲಿಯೇ ಉಳಿಯುತ್ತದೆ. ಭಾಗಶಃ ಬಣ್ಣ ಕೊಟ್ಟರೆ, ಅಥವಾ ಒಂದು ಬಣ್ಣವನ್ನು ಬೇರೆಯಾಗಿ ಸೇರಿಸಿದರೆ, ವರ್ಣಚಿತ್ರವಾಗಿಬಿಡುತ್ತದೆ. ಎಲ್ಲ ಕಂದಾಗಿಸಿ ಕುಂಕುಮವನ್ನು ಮಾತ್ರ ಕೆಂಪಾಗಿ ಉಳಿಸಿದ ಚಿತ್ರ ಏಕವರ್ಣ ವಿಭಾಗಕ್ಕೆ ಸಲ್ಲದು. ಚಿತ್ರ ಕೆಟ್ಟದ್ದೆಂದು ಇದರ ಅರ್ಥವಲ್ಲ. ನಿಸರ್ಗಚಿತ್ರಗಳ ವಿಭಾಗದಲ್ಲಾದರೋ ಇದ್ದುದನ್ನು ತೆಗೆಯುವುದೂ ಇಲ್ಲದ್ದನ್ನು ಸೇರಿಸುವುದೂ ನಿಷಿದ್ಧ. ಟ್ರೈಪನ ಮೋಡಗಳಿಗೆ ಅಲ್ಲಿ ಸ್ಥಳ ಸಿಕ್ಕುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಇಂತಹ ವಿಮರ್ಶೆಗೆ ಒಳ್ಳೆಯ ಪರಂಪರೆಯಿದೆ. ಜಿ. ಥಾಮಸ್, ಸಿ. ರಾಜಗೋಪಾಲ್, ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಮೊದಲಾದವರು ಈ ಊರಿನಲ್ಲಿ ಕೆಲಸ ಮಾಡಿ ಹೊರದೇಶಗಳ ಪ್ರದರ್ಶನಗಳಲ್ಲಿಯೂ ಹೆಸರು ಪಡೆದವರು. 1971ರಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂತಹ ಸಂಘಗಳಲ್ಲಿ ಎಳೆಯರು ತಮ್ಮ ಚಿತ್ರಗಳನ್ನು ಹಿರಿಯರ ಮುಂದಿಟ್ಟು ಕಲಿತಿದ್ದಾರೆ. ವಿಜ್ಞಾನದ ಕಡೆಯಿಂದ ನೋಡಿದರೆ, ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಅನ್ನು ಆರಂಭಿಸಿ, ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂಬ ಬುದ್ಧಿಯನ್ನು ವಿದ್ಯಾರ್ಥಿಗಳಲ್ಲಿ ಬೆಳೆಸಲು ಯತ್ನಿಸಿದರು. ಚಿತ್ರದ ಮುಂದೆ ನಿಂತು "ಈ ಗುರುತಿಗೆ ಕಾರಣವೇನು?" ಎಂದು ಕೇಳುವುದೂ ಆ ಬುದ್ಧಿಯೇ.

ವಿಮರ್ಶೆ ಕೇಳುವವರಿಗೆ

ಕೇಳುವುದು ಹೇಳುವುದಕ್ಕಿಂತ ಕಷ್ಟ. ಚಿತ್ರ ಮಾಡಿದವರಿಗೆ ಅದರ ಹಿಂದಿನ ಶ್ರಮವೆಲ್ಲ ನೆನಪಿನಲ್ಲಿರುತ್ತದೆ. ನೋಡುವವರಿಗೆ ಕಾಗದದ ಮೇಲಿರುವುದಷ್ಟೇ ಗೊತ್ತು. ಆದುದರಿಂದ ಉದ್ದೇಶವನ್ನು ಒಂದೆರಡು ಮಾತಿನಲ್ಲಿ ಹೇಳಿ, ಉಳಿದುದನ್ನು ಮೌನವಾಗಿ ಕೇಳಿ ಬರೆದುಕೊಳ್ಳುವುದು ಮೇಲು. ನಡುವೆ ಸಮಾಧಾನ ಹೇಳತೊಡಗಿದರೆ ಹೇಳುವವರು ಸಂಕೋಚದಿಂದ ಸುಮ್ಮನಾಗುತ್ತಾರೆ. ಎದುರಿಗಿರುವವರು ಹಿರಿಯರಾದರೆ ಎದುರಾಡಬಾರದೆಂದು ತಲೆಯಾಡಿಸಿ ಬರುವ ರೂಢಿ ನಮ್ಮಲ್ಲುಂಟು. ಗೌರವವನ್ನು ಬಿಡಬೇಕಾಗಿಲ್ಲ. "ಇದು ಹೇಗೆ ಗೊತ್ತಾಯಿತು ಸಾರ್, ಯಾವ ಭಾಗವನ್ನು ನೋಡಿ ಹೇಳಿದಿರಿ?" ಎಂದು ಕೇಳಿದರೆ ಹಿರಿಯರಿಗೂ ಸಂತೋಷವಾಗುತ್ತದೆ.

ಬಂದ ಮಾತುಗಳನ್ನು ಮನೆಯಲ್ಲಿ ವಿಂಗಡಿಸಬೇಕು. ಕಾರಣವುಳ್ಳವು ಒಂದು ಕಡೆ, ಬರಿಯ ಅಭಿರುಚಿಯವು ಇನ್ನೊಂದು ಕಡೆ. ಒಬ್ಬರನ್ನೊಬ್ಬರು ಕೇಳಿಸಿಕೊಳ್ಳದೆ ಮೂರು ಮಂದಿ ಒಂದೇ ಜಾಗವನ್ನು ತೋರಿಸಿದರೆ, ಅವರು ಹೇಳಿದ ಕಾರಣ ತಪ್ಪಾಗಿದ್ದರೂ ಆ ಜಾಗದಲ್ಲಿ ಏನೋ ಇದೆಯೆಂದು ತಿಳಿಯಬೇಕು. ಬಳಿಕ ಮೂಲಚಿತ್ರವನ್ನು ಹಾಗೆಯೇ ಉಳಿಸಿಕೊಂಡು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಹೊಸ ಪ್ರತಿಯನ್ನು ತೆಗೆಯಬೇಕು. ಕಣವನ್ನೂ ಅಂಚನ್ನೂ ಬಣ್ಣವನ್ನೂ ಒಟ್ಟಿಗೆ ಬದಲಿಸಿದರೆ ಸುಧಾರಣೆ ಯಾವುದರಿಂದ ಬಂತೆಂದು ತಿಳಿಯದು. ಪ್ರಯೋಗಶಾಲೆಯಲ್ಲಿ ಇದೇ ನಿಯಮವನ್ನು ವಿದ್ಯಾರ್ಥಿಗಳು ಬೇರೆ ಸಂದರ್ಭದಲ್ಲಿ ಕಲಿತಿರುತ್ತಾರೆ.

ಚಿತ್ರ ಯಾವಾಗ ಸುಳ್ಳಾಗುತ್ತದೆ?

ಇಷ್ಟೆಲ್ಲ ಎಚ್ಚರ ಏಕೆ, ಇದು ಆಟವಲ್ಲವೆ ಎಂದು ಕೆಲವರು ಕೇಳಬಹುದು. ಮಾಡಿದವರ ಕೈಯಲ್ಲಿರುವವರೆಗೆ ಅದು ಆಟವೇ ಸರಿ. ಆದರೆ ಚಿತ್ರಗಳು ಕೈಯಿಂದ ಕೈಗೆ ಹೋಗುವಾಗ ಅವುಗಳ ವಿವರ ಕಳಚಿಬೀಳುತ್ತದೆ. ಕಂದುಬಣ್ಣದ ಹೊಸ ಚಿತ್ರವೊಂದು "1860ರ ಮಲ್ಲೇಶ್ವರದ ಬೀದಿ" ಎಂಬ ತಲೆಬರಹವನ್ನು ಹೊತ್ತು ಬಂದರೆ ಅದು ಊರಿನ ಚರಿತ್ರೆಗೆ ಸೇರಿದ ಸುಳ್ಳುಸಾಕ್ಷಿಯಾಗುತ್ತದೆ. ಕಾಡುಮಲ್ಲೇಶ್ವರ ದೇವಾಲಯ ಹಳೆಯದು, ನಿಜ. ಆದರೆ ಚಾಮರಾಜಪೇಟೆಯ ಬಡಾವಣೆ ಏರ್ಪಟ್ಟುದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರಗಳ ಬಡಾವಣೆಗಳು ಬೆಳೆದುದು 1898ರ ಪ್ಲೇಗಿನ ತರುವಾಯ. ಬೆಂಗಳೂರಿಗೆ ವಿದ್ಯುದ್ದೀಪ ಬಂದುದು 1905ರಲ್ಲಿ. 1890ರದೆಂದು ಹೇಳುವ ಬೀದಿಯ ಚಿತ್ರದಲ್ಲಿ ವಿದ್ಯುತ್ ಕಂಬವಿದ್ದರೆ ಒಂದೋ ವರ್ಷ ತಪ್ಪು, ಇಲ್ಲವೆ ಚಿತ್ರವೇ ಕಟ್ಟಿದ್ದು.

ಕೃತಕ ಬುದ್ಧಿಮತ್ತೆಯ ಯಂತ್ರಗಳು ಇಲ್ಲದ ಬೀದಿಯನ್ನೇ ಹಳೆಯ ಮಾದರಿಯಲ್ಲಿ ಸೃಷ್ಟಿಸಬಲ್ಲ ಈ ದಿನಗಳಲ್ಲಿ ಇಂತಹ ಪರೀಕ್ಷೆ ಇನ್ನೂ ಅಗತ್ಯವಾಗಿದೆ. ಚೆನ್ನಾಗಿ ಅನುಕರಿಸಲು ಕಲಿತವರು ಅನುಕರಣೆಯನ್ನು ಗುರುತಿಸಲೂ ಕಲಿಯುತ್ತಾರೆ. ಆದುದರಿಂದ ಈ ವಿದ್ಯೆಯನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಒಂದು ಕಟ್ಟುಪಾಡನ್ನು ಮಾತ್ರ ಸೂಚಿಸುತ್ತೇವೆ: ಹಳೆಯ ಮಾದರಿಯ ಚಿತ್ರದ ಕೆಳಗೆ, ಅದನ್ನು ತೆಗೆದ ಸ್ಥಳ, ನಿಜವಾದ ವರ್ಷ, ಮಾಡಿದ ಮಾರ್ಪಾಡು ಇವನ್ನು ಬರೆಯಬೇಕು. ಬರಹ ಚಿತ್ರದ ಒಳಗೇ ಇದ್ದರೆ ಕಳಚಿಹೋಗುವ ಭಯ ಕಡಮೆ. ವಿಮರ್ಶಕರು ಬಣ್ಣವನ್ನೂ ಕಣವನ್ನೂ ಪರೀಕ್ಷಿಸುವಂತೆಯೇ ಈ ಒಂದು ಸಾಲನ್ನೂ ಕೇಳಿ ಪಡೆಯಬೇಕು.

ಒಂದು ಸುಲಭವಾದ ಪ್ರಯೋಗ

ವಾಚಕರು ಈ ವಿಷಯವನ್ನು ತಾವೇ ಮಾಡಿ ನೋಡಬಹುದು. ಹಗಲಿನಲ್ಲಿ, ನೀಲಿ ಆಕಾಶದ ಹಿನ್ನೆಲೆಯಲ್ಲಿ, ಒಂದು ತಟ್ಟೆಯಲ್ಲಿ ಕುಂಕುಮ, ಅರಿಶಿನ, ಮಲ್ಲಿಗೆ, ವೀಳೆಯದೆಲೆಗಳನ್ನಿಟ್ಟು ಫೋನಿನಲ್ಲಿ ಚಿತ್ರ ತೆಗೆಯಿರಿ. ಚಿತ್ರ ತಿದ್ದುವ ಯಾವುದಾದರೂ ತಂತ್ರಾಂಶದಲ್ಲಿ ಕೆಂಪು, ಹಸಿರು, ನೀಲಿಯ ಪದರಗಳನ್ನು ಬೇರೆಬೇರೆಯಾಗಿ ಕಪ್ಪುಬಿಳುಪಿನಲ್ಲಿ ನೋಡಿ. ಉಚಿತವಾಗಿ ದೊರೆಯುವ ಗಿಂಪ್ ಎಂಬ ತಂತ್ರಾಂಶದಲ್ಲಿ ಇದಕ್ಕೆ ಅನುಕೂಲವಿದೆ. ಮೂರನ್ನೂ ಅಚ್ಚುಹಾಕಿಸಿ, ಯಾವುದು ಯಾವುದೆಂದು ಹೇಳದೆ ನಾಲ್ಕಾರು ಮಂದಿಗೆ ತೋರಿಸಿ, "ಇವುಗಳಲ್ಲಿ ಯಾವುದು ಹೆಚ್ಚು ಹಳೆಯದಾಗಿ ಕಾಣುತ್ತದೆ, ಏಕೆ?" ಎಂದು ಕೇಳಿರಿ. ಅವರು ಹೇಳಿದುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ. ಕಂದುಬಣ್ಣವನ್ನು ಆಮೇಲೆ ಬಳಿಯಬಹುದು.